ಬಾಲಕ್ಕೆ ಕಟ್ಟಿದ ನಿಂಬೆಹಣ್ಣು

ಶಿವಕಾಂತಾಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಪುಣೆಯ ಒಂದು ವಿಶ್ವವಿದ್ಯಾಲಯದ ಏರೋಸ್ಪೇಸ್ ವಿಭಾಗದಲ್ಲಿ ಪಾಠ ಮಾಡುವ, ವಿದ್ಯಾರ್ಥಿಗಳು ಕಾರಿಡಾರಿನಲ್ಲಿ ಕಂಡರೆ ಮೊಬೈಲು ಜೇಬಿಗೆ ಹಾಕಿಕೊಳ್ಳುವಷ್ಟು ಗತ್ತಿನ, ನಲವತ್ತು ದಾಟಿದ ಹೆಂಗಸು ಎದುರು ಕೋಣೆಯ ಅಪೇಕ್ಷಾಳನ್ನು ಕಂಡರೆ ಒಳಗೊಳಗೇ ಉರಿದುಹೋಗುತ್ತಿದ್ದಳು.

ಉರಿಯದೆ ಏನು ಮಾಡಿಯಾಳು ಪಾಪ! ಅವಳ ಅಪ್ಪ ಅವ್ವಣ್ಣ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಭೋಸರಿಯ ತಗಡಿನ ಮನೆಯಲ್ಲಿ ಸಂಸಾರ ಹೂಡಿದವನು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಇಂಗ್ಲಿಷ್ ಎಂದು ಮೂರರಲ್ಲೂ ಏಗಿ ಶಿವಕಾಂತಾ ಡಿಪ್ಲೊಮಾ ಮುಗಿಸಿದಳು. ಕಾರ್ಖಾನೆಯಲ್ಲಿ ದುಡಿಯುತ್ತ ಡಿಗ್ರಿ, ಆಮೇಲೆ ಎಂ.ಟೆಕ್. ವಿಭಾಗಕ್ಕೆ ವಿಂಡ್ ಟನೆಲ್ ಬಂದಾಗ, ಅಂದರೆ ಮಾದರಿ ವಿಮಾನವನ್ನು ಒಳಗೆ ಕಟ್ಟಿಹಾಕಿ ಫ್ಯಾನಿನಿಂದ ಗಾಳಿ ಬೀಸಿ ಪರೀಕ್ಷಿಸುವ ಆ ಉದ್ದನೆಯ ಸುರಂಗ ಬಂದಾಗ, ಅದರ ಪೆಟ್ಟಿಗೆ ಒಡೆಯುವ ದಿನದಿಂದ ಜತೆಗಿದ್ದವಳು ಅವಳು. ಆ ಲ್ಯಾಬಿನ ಮುಖ್ಯಸ್ಥರು ಈ ವರ್ಷ ನಿವೃತ್ತರಾಗುವವರಿದ್ದರು. ಅವರ ಕುರ್ಚಿಗೆ ಶಿವಕಾಂತಾ ಮನಸ್ಸಿನಲ್ಲೇ ಎಂದೋ ಟವೆಲ್ ಹಾಕಿಟ್ಟಿದ್ದಳು.

ಎರಡು ವರ್ಷದ ಕೆಳಗೆ ಬಂದಳು ನೋಡಿ ಅಪೇಕ್ಷಾ. ಕೋಥರೂಡದಲ್ಲಿ ಅವಳ ಅಪ್ಪ ಅಮ್ಮನ ಉಡುಪಿ ಹೋಟೆಲು. ಹುಟ್ಟಿದ್ದೇ ಪುಣೆಯಲ್ಲಿ, ಮರಾಠಿ ನೀರು ಕುಡಿದಂತೆ. ಬಂದ ವರ್ಷವೇ ಸಂಶೋಧನೆಗೆ ಪ್ರಶಸ್ತಿ, ಮರುವರ್ಷ ದೊಡ್ಡ ಅನುದಾನ. ನೋಟಿಸ್ ಬೋರ್ಡಿನಲ್ಲಿ ಅವಳ ಫೋಟೋ ಬಂದಾಗ ಶಿವಕಾಂತಾ ಹಿಂದಿನ ಮೆಟ್ಟಿಲಿಂದ ಓಡಾಡತೊಡಗಿದಳು. ಅದರಿಂದಲೂ ಸುಖವಿಲ್ಲ. ಇಬ್ಬರೂ ಕನ್ನಡದವರೆಂದು ಸಹೋದ್ಯೋಗಿಗಳು ಅಲ್ಲಿಗೇ ಬಂದು, "ತುಮ್ಚಿ ಅಪೇಕ್ಷಾ, ನಿಮ್ಮ ಅಪೇಕ್ಷಾ!" ಎಂದು ಇವಳ ಕೈ ಕುಲುಕಿದರು. ಹಲ್ಲು ಕಚ್ಚಿಕೊಂಡು ಅವಳೇ ಅವರಿಗೆಲ್ಲ ಪೇಡೆ ಹಂಚಿದಳು.

ಆ ಹುಡುಗಿ ಕೆಟ್ಟವಳಾಗಿದ್ದರೆ ಎಷ್ಟು ಅನುಕೂಲವಿತ್ತು! ಅದೂ ಇಲ್ಲ. "ಅಕ್ಕ, ಅಮ್ಮ ನಿಮಗೇಂತ ಕೊಟ್ಟದ್ದು" ಎಂದು ಬಿಸಿ ಬನ್ಸ್ ತಂದು ಮೇಜಿನ ಮೇಲಿಡುತ್ತಿದ್ದಳು. ಶಿವಕಾಂತಾ ಬೈದುಕೊಳ್ಳುತ್ತಲೇ ತಿನ್ನುತ್ತಿದ್ದಳು, ಮಿಕ್ಕಿದ್ದನ್ನು ಭೋಸರಿಗೆ ಒಯ್ಯುತ್ತಿದ್ದಳು. ಅವ್ವ ಸಾವಿತ್ರಿಬಾಯಿ ಅದನ್ನು ಚಪ್ಪರಿಸುತ್ತ, "ಭಾಳ ಛಲೋ ಹುಡುಗಿ ಅದಾಳ ಬಿಡವಾ ಅಕಿ" ಎನ್ನುವಳು.

"ಹಂಗಾದ್ರ ಅಕೀನ್ನೇ ಮಗಳು ಮಾಡ್ಕೋ!" ಎಂದು ಇವಳು ಎದ್ದು ಹೋಗುವಳು.

ದಸರೆಯ ಮರುದಿನ ತಳೇಗಾಂವದ ಹತ್ತಿರದ ಬಯಲಿನಲ್ಲಿ ಅಪೇಕ್ಷಾಳ ವಿದ್ಯಾರ್ಥಿಗಳು ಕಟ್ಟಿದ ಪುಟ್ಟ ವಿಮಾನದ ಮೊದಲ ಹಾರಾಟವಿತ್ತು. ಕುಲಪತಿಗಳು, ಅತಿಥಿಗಳು, ಶಾಮಿಯಾನ, ಎಲ್ಲವೂ ಸಜ್ಜಾಗಿತ್ತು. ವಿಭಾಗದ ಮುಖ್ಯಸ್ಥರು ಮೊದಲೇ ಬಾಯಿ ಬಿಟ್ಟಿದ್ದರು: ಇದು ಹಾರಿ ನೆಟ್ಟಗೆ ಇಳಿದರೆ ಲ್ಯಾಬು ಅಪೇಕ್ಷಾಳಿಗೆ, ಇಲ್ಲದಿದ್ದರೆ ಶಿವಕಾಂತಾಗೆ.

ವಿಭಾಗದಲ್ಲಿ ಒಂದು ಪದ್ಧತಿ. ಹಾರುವ ಮುನ್ನ ವಿಮಾನದ ಸಮತೋಲವನ್ನು ಇಬ್ಬರು ನೋಡಬೇಕು, ಅವರಲ್ಲಿ ಒಬ್ಬರು ತಂಡದ ಹೊರಗಿನವರಾಗಿರಬೇಕು. ರೆಕ್ಕೆಯ ಅಡಿಯಲ್ಲಿ ಗುರುತು ಮಾಡಿದ ಜಾಗಕ್ಕೆ ಆ ಕಡೆ ಒಬ್ಬರು ಈ ಕಡೆ ಒಬ್ಬರು ಬೆರಳ ತುದಿ ಕೊಟ್ಟು ಎತ್ತುವುದು. ಮೂಗು ತುಸು ಬಾಗಿದರೆ ಸರಿ, ಬಾಲ ಬಾಗಿದರೆ ಆಪತ್ತು.

"ಅಕ್ಕ, ನೀವೇ ಬನ್ನಿ" ಎಂದಳು ಅಪೇಕ್ಷಾ.

ಇಬ್ಬರೂ ಎತ್ತಿದರು. ಮೂಗು ಎಷ್ಟು ಬೇಕೋ ಅಷ್ಟೇ ಬಾಗಿತು. ಸುಳ್ಳು ಹೇಳಲು ನಾಲಗೆ ಏಳದೆ ಶಿವಕಾಂತಾ, "ಸರಿ ಅದ" ಎಂದಳು. ಅಪೇಕ್ಷಾ ಅತಿಥಿಗಳನ್ನು ಕರೆತರಲು ಓಡಿದಳು.

ಅಷ್ಟರಲ್ಲಿ ಅವಳ ಅಮ್ಮ ಲೀಲಾಕ್ಷಿ ಆರತಿ ತಟ್ಟೆ ಹಿಡಿದು ಬಂದರು. ರೆಕ್ಕೆಗೆ ಕುಂಕುಮ ಹಚ್ಚಿದರು, ತೆಂಗಿನಕಾಯಿ ಒಡೆದರು. ಆಮೇಲೆ ಸೆರಗಿನಿಂದ ಒಂದು ದಪ್ಪ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿದ ದಾರ ತೆಗೆದರು. ಹೊಸ ವಾಹನಕ್ಕೆ ಮುಂದೆ ಕಟ್ಟುವುದು ರೂಢಿ. ಇಲ್ಲಿ ಮುಂದೆ ತಿರುಗುವ ಪಂಖ ಇತ್ತಲ್ಲ, ಹಾಗಾಗಿ ಬಾಲದ ಅಡಿಗೆ ಭದ್ರವಾಗಿ ಬಿಗಿದರು. ಸುತ್ತಲಿದ್ದ ವಿದ್ಯಾರ್ಥಿಗಳು ಕಣ್ಣು ಮುಚ್ಚಿ ಕೈ ಮುಗಿದಿದ್ದರು.

ಶಿವಕಾಂತಾ ಕಣ್ಣು ಮುಚ್ಚಿರಲಿಲ್ಲ.

ಅಷ್ಟು ಹಗುರದ ವಿಮಾನಕ್ಕೆ ಅಷ್ಟು ಹಿಂದೆ ಒಂದು ನಿಂಬೆಹಣ್ಣು ಎಂದರೆ ಮುಗಿಯಿತು. ನೆಲ ಬಿಟ್ಟೊಡನೆ ಮೂಗೆತ್ತುತ್ತದೆ, ಗಾಳಿಯ ಹಿಡಿತ ತಪ್ಪಿ ದೊಪ್ಪನೆ ಬೀಳುತ್ತದೆ. ಅಯ್ಯೋ, ತಾನೇನೂ ಮಾಡಬೇಕಾಗಿಯೇ ಇಲ್ಲ! ಸುಮ್ಮನೆ ನಿಂತರೆ ಸಾಕು, ಕುರ್ಚಿ ತನ್ನದು. ಅದಕ್ಕೂ ಮಿಗಿಲಾಗಿ ಆ ನಿಂಬೆಹಣ್ಣೇ ಅವಳನ್ನು ಚುಚ್ಚಿತು. ಯಾರ ಕಣ್ಣಿಗೆ ಇದು? ಈ ಬಯಲಿನಲ್ಲಿ ಕೆಟ್ಟ ಕಣ್ಣು ಇರುವುದಾದರೂ ಯಾರಿಗೆ? ಬೀಳಲಿ, ಬೀಳಲಿ ಎಂದು ಅವಳ ಮನಸ್ಸು ಕುಣಿಯಿತು. ಅದಕ್ಕೆ ಅವಳು ನಾಚಲೂ ಇಲ್ಲ.

ರಿಮೋಟ್ ಹಿಡಿದಿದ್ದ ವಿದ್ಯಾರ್ಥಿ ಅಭಿಲಾಷ ಮೋಟಾರು ಚಾಲೂ ಮಾಡಿದ. ಅದರ ಸದ್ದು ಅವಳ ಬೆರಳ ತುದಿಗೆ ಬಂದಂತಾಯಿತು. ಈಗಷ್ಟೇ ಆ ರೆಕ್ಕೆಯನ್ನು ಹೊತ್ತಿದ್ದ ಬೆರಳು. ಸರಿ ಅದ ಎಂದು ಹೇಳಿದ್ದು ತನ್ನದೇ ಬಾಯಿ.

"ಥಾಂಬ್ ರೇ ಅಭಿಲಾಷ!" ಎಂದು ಕೂಗಿ ಅವಳು ಓಡಿದಳು. ಮೋಟಾರು ನಿಂತಿತು. "ಅಮ್ಮ, ಇದನ್ನ ಬಿಚ್ಚರಿ. ಬಾಲ ಭಾರ ಆಗ್ತದ."

ಲೀಲಾಕ್ಷಿ ಅಡ್ಡ ಬಂದರು. "ಎಂತ ಮಾರಾಯ್ತಿ ನೀನು! ಒಂದು ನಿಂಬೆಹಣ್ಣು ಭಾರವಾ? ದೃಷ್ಟಿಗೆ ಕಟ್ಟಿದ್ದನ್ನು ಯಾರಾದ್ರೂ ಬಿಚ್ತಾರಾ? ಇಷ್ಟು ಜನ ನೋಡ್ತಾರೆ, ಯಾರ ಕಣ್ಣು ಹೇಗೋ!"

ಅತಿಥಿಗಳೊಂದಿಗೆ ಅಪೇಕ್ಷಾ ಅಲ್ಲಿಗೆ ಬಂದು ತಲುಪಿದ್ದಳು. ಬಾಲದಲ್ಲಿ ತೂಗುತ್ತಿದ್ದುದನ್ನು ಕಂಡು ಅವಳ ಮುಖ ಬಿಳಿಚಿತು. ಅಮ್ಮನ ಕೈ ಮಾತ್ರ ದಾರ ಬಿಡಲಿಲ್ಲ.

ಶಿವಕಾಂತಾ ಎಲ್ಲರಿಗೂ ಕೇಳುವಂತೆ ಹೇಳಿದಳು: "ಬೀಳೋ ಕಣ್ಣು ನಂದೇ ಅದ್ರಿ, ಅಮ್ಮ. ಬ್ಯಾರೆ ಯಾರದೂ ಅಲ್ಲ. ನಾ ಆ ಕಡಿ ಮಾರಿ ಮಾಡಿ ನಿಂದರ್ತೀನಿ. ನಿಂಬಿಹಣ್ಣ ತಗೀರಿ."

ಲೀಲಾಕ್ಷಿಯ ಕೈ ತಾನಾಗಿ ಸಡಿಲಾಯಿತು. ಅಪೇಕ್ಷಾ ದಾರ ಕತ್ತರಿಸಿದಳು. ಶಿವಕಾಂತಾ ಅದನ್ನು ಇಸಿದುಕೊಂಡು, ವಿಮಾನಕ್ಕೆ ಬೆನ್ನು ಹಾಕಿ ಶಾಮಿಯಾನದ ಕಂಬದ ಕಡೆಗೆ ಮುಖ ಮಾಡಿ ನಿಂತಳು.

ಮೋಟಾರು ಮತ್ತೆ ಮೊರೆಯಿತು. ಚಕ್ರ ನೆಲ ಬಿಟ್ಟದ್ದು, ಏರಿದ್ದು, ಎಡಕ್ಕೆ ಹೊರಳಿದ್ದು ಎಲ್ಲ ಅವಳಿಗೆ ಸದ್ದಿನಲ್ಲೇ ತಿಳಿಯಿತು. ಚಪ್ಪಾಳೆ ಬಿತ್ತು. ಕುರ್ಚಿ ಹೋಯಿತು ಎಂದು ತಿಳಿದದ್ದೂ ಆಗಲೇ. ಹೊಟ್ಟೆಯ ಕಿಚ್ಚು ಒಂದಿಷ್ಟೂ ಆರಲಿಲ್ಲ. ಮೆಣಸಿನಕಾಯಿ ಹಿಸುಕಿದ ಕೈಯಲ್ಲೇ ಕಣ್ಣೊರೆಸಿಕೊಂಡಳು, ಕಣ್ಣೂ ಉರಿಯಿತು.

"ಅಕ್ಕ, ತಿರುಗಿ ನೋಡಿ!" ಹಿಂದಿನಿಂದ ಅಪೇಕ್ಷಾ ಕೂಗಿದಳು. "ಎಷ್ಟು ಚಂದ ಹಾರ್ತಾ ಉಂಟು!"

"ಇಳೀಲಿ ತಡಿ," ಎಂದಳು ಶಿವಕಾಂತಾ. "ಇಳಿಯೋತನಕ ನಾ ನೋಡಂಗಿಲ್ಲ."