ಹಗೇವಿಗೆ ಇಳಿಯುವ ಲಗಮಣ್ಣ

ಲಗಮಣ್ಣನಿಗೆ ಒಂದು ಕಡೆ ಕುಳಿತು ಚಹಾ ಮುಗಿಸುವುದು ಆಗುತ್ತಿರಲಿಲ್ಲ. ಬಶಿಗೆ ಸುರಿದುಕೊಂಡದ್ದರಲ್ಲಿ ಅರ್ಧ ಕುಡಿದು ಎದ್ದು, ಚಹಾದಂಗಡಿಯ ಬಾಗಿಲಿಗೆ ಬಂದು, ಜತ್ತದ ಪೇಟೆಯನ್ನು ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಒಮ್ಮೆ ನೋಡಿ, ಮತ್ತೆ ಒಳಗೆ ಹೋಗಿ ಉಳಿದದ್ದನ್ನು ನಿಂತೇ ಕುಡಿಯುತ್ತಿದ್ದ. ಇಪ್ಪತ್ತೆರಡನೆಯ ವಯಸ್ಸಿನವರೆಗೆ ಬೆಳುಂಕಿಯಲ್ಲಿ ಕುರಿಯ ಹಿಂದೆ ನಡೆದ ಕಾಲು ಅವು. ರೋಗ ಬಂದು ಹಿಂಡು ಹೋದ ವರ್ಷ ಹೆಂಡತಿ ಹಣಮವ್ವನನ್ನು ಕರೆದುಕೊಂಡು ಜತ್ತಕ್ಕೆ ಬಂದ. ಕುರಿ ಇಲ್ಲವಾದರೂ ನಡಿಗೆ ನಿಲ್ಲಲಿಲ್ಲ. ನಡೆಯುವಾಗ ಬಾಯಿಯೂ ನಡೆಯುತ್ತಿತ್ತು. ಕೇಳುವವರಿದ್ದರೆ ಅವರೊಂದಿಗೆ, ಇಲ್ಲದಿದ್ದರೆ ಎದುರಿಗೆ ಬಂದ ಎಮ್ಮೆಯೊಂದಿಗೆ.

ಅಂಥವನಿಗೆ ಊರು ಕೊಟ್ಟ ಕೆಲಸ ಹಗೇವು ತೆಗೆಯುವುದು.

ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ. ಒಳಗೆ ಹೊಟ್ಟೆ ಗಡಿಗೆಯಂತೆ ಅಗಲ, ಆಳ ಹನ್ನೆರಡು ಹದಿನಾಲ್ಕು ಅಡಿ. ಗೋಡೆಗೆ ಕಣಿಕೆ, ಅಂದರೆ ಜೋಳದ ಒಣ ದಂಟು, ಒತ್ತಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಇಟ್ಟು ಮಣ್ಣು ಮೆತ್ತಿದರೆ ಮೂರು ನಾಲ್ಕು ವರ್ಷ ಹುಳ ಬೀಳುವುದಿಲ್ಲ. ಹುಳ ಬೀಳದಿರಲು ಕಾರಣವೇ ಮನುಷ್ಯನಿಗೆ ಅಪಾಯ. ಕಾಳು ಜೀವಂತ ವಸ್ತು, ಅದು ಉಸಿರಾಡುತ್ತದೆ. ಒಳಗಿದ್ದ ಒಳ್ಳೆಯ ಗಾಳಿಯನ್ನು ತಾನು ತೆಗೆದುಕೊಂಡು ಕೆಟ್ಟ ಗಾಳಿಯನ್ನು ಬಿಡುತ್ತದೆ. ಆ ಗಾಳಿ ಹೊರಗಿನ ಗಾಳಿಗಿಂತ ಒಂದೂವರೆ ಪಟ್ಟು ಭಾರ. ನೀರು ತಗ್ಗಿನಲ್ಲಿ ನಿಂತ ಹಾಗೆ ಅದು ಕಾಳಿನ ಮೇಲೆ ನಿಲ್ಲುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಈ ಲೆಕ್ಕ ಜತ್ತದವರಿಗೆ ಪುಸ್ತಕದಿಂದ ಬಂದದ್ದಲ್ಲ. ಕಲ್ಲನ್ನು ಹಿಂದಿನ ದಿನವೇ ಸರಿಸಿಡುತ್ತಿದ್ದರು. ಮರುದಿನ ಕಂದೀಲು ಇಳಿಬಿಟ್ಟು, ಅದು ಉರಿದರೆ ಮಾತ್ರ ಮನುಷ್ಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದ. ಇಳಿದವನು ಮೇಲೆ ಬರುವವರೆಗೆ ಮಾತಾಡುತ್ತಲೇ ಇರಬೇಕು. ಮೇಲಿದ್ದವನು ಹೂಂಗುಟ್ಟಬೇಕು. ಮಾತು ನಿಂತರೆ ಕೇಳುವುದಿಲ್ಲ, ಹೇಳುವುದಿಲ್ಲ, ಹಗ್ಗ ಎಳೆಯುವುದೇ. ಬೇರೆಯವರು ಏನು ಮಾತಾಡಬೇಕೆಂದು ತಿಳಿಯದೆ ದೇವರ ಹೆಸರು ಹೇಳುತ್ತಿದ್ದರು, ಇಲ್ಲವೆ ಕೆಮ್ಮುತ್ತಿದ್ದರು. ಲಗಮಣ್ಣನಿಗೆ ಆ ತೊಂದರೆ ಇರಲಿಲ್ಲ. ಅವನು ಕೆಳಗೆ ಚೀಲ ತುಂಬುತ್ತ ಹೇಳುತ್ತಿದ್ದ ಕಥೆ ಕೇಳಲು ಓಣಿಯ ಹೆಂಗಸರು ಹಗೇವಿನ ಬಾಯಿಯ ಸುತ್ತ ಬಂದು ಕೂಡುತ್ತಿದ್ದರು. ಧಾನ್ಯದ ವ್ಯಾಪಾರಿ ಶ್ರೀಶೈಲಪ್ಪನ ತಾಯಿ ಮಲಕವ್ವನಂತೂ ಮಣೆ ಹಾಕಿಕೊಂಡು ಕುಳಿತು ಅವನೊಂದಿಗೆ ವಾದ ಮಾಡುತ್ತಿದ್ದಳು. ಒಮ್ಮೆ ಅವನು ಕೆಳಗಿನಿಂದ, ಬೆಳುಂಕಿಯ ರೊಟ್ಟಿಯ ಮುಂದೆ ಜತ್ತದ ರೊಟ್ಟಿ ಬರೇ ಹಪ್ಪಳ ಎಂದನಂತೆ. ಆ ವಾದ ಮೂವತ್ತು ಚೀಲದವರೆಗೆ ನಡೆಯಿತು.

ಹೀಗೆ ಹನ್ನೊಂದು ವರ್ಷ ಕಳೆಯಿತು. ಜತ್ತದ ಪೇಟೆಯಲ್ಲಿದ್ದ ಮೂವತ್ತೊಂದು ದೊಡ್ಡ ಹಗೇವುಗಳಲ್ಲಿ ಯಾವುದರಲ್ಲಿ ಎಷ್ಟು ಜೋಳ ಹಿಡಿಯುತ್ತದೆ, ಯಾವುದರ ಗೋಡೆ ಜಿನುಗುತ್ತದೆ ಎನ್ನುವುದು ಆಯಾ ಮಾಲೀಕನನ್ನು ಬಿಟ್ಟರೆ ಗೊತ್ತಿದ್ದದ್ದು ಲಗಮಣ್ಣನೊಬ್ಬನಿಗೆ.

ಸಂಸ್ಥಾನ ಹೋಗಿ ಜತ್ತ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಧಾನ್ಯದ ಮೇಲೆ ಕಂಟ್ರೋಲು ಬಂತು. ಇಷ್ಟು ಇಟ್ಟುಕೊಳ್ಳಬೇಕು, ಉಳಿದದ್ದನ್ನು ಪೇಟೆಗಿಂತ ಕಡಿಮೆಯಾದ ಸರ್ಕಾರದ ದರಕ್ಕೆ ಕೊಡಬೇಕು. ಜನ ಅದನ್ನು ಲೇವಿ ಎನ್ನುತ್ತಿದ್ದರು. ಪಟ್ಟಿ ಮಾಡಿಕೊಳ್ಳಲು ಸಾತಾರಾ ಕಡೆಯ ಒಬ್ಬ ಕಾರಕೂನ ಬಂದ. ಕನ್ನಡ ಬಾರದ, ಇಸ್ತ್ರಿ ಮಾಡಿದ ಅಂಗಿಯ ಸಭ್ಯ ಮನುಷ್ಯ. ಅವನಿಗೆ ಯಾರೋ ಲಗಮಣ್ಣನನ್ನು ತೋರಿಸಿರಬೇಕು. ೧೯೫೧ರ ಜೂನ್ ತಿಂಗಳಲ್ಲಿ ಒಂದು ದಿನ ಚಹಾದಂಗಡಿಯಲ್ಲಿ ಪಕ್ಕಕ್ಕೆ ಕೂಡಿಸಿಕೊಂಡು ಎರಡು ಸಲ ಚಹಾ ಕುಡಿಸಿದ. ಲಗಮಣ್ಣ ಒಂದು ತಾಸು ಮಾತಾಡಿದ. ಮರಾಠಿಯಲ್ಲಿ, ನಡುನಡುವೆ ಕನ್ನಡದಲ್ಲಿ, ಕುರಿಯ ಕಾಲುರೋಗದ ಬಗ್ಗೆ, ಮಿರಜಿನ ರೇಲ್ವೆ ಠಾಣೆಯ ಬಗ್ಗೆ, ತನ್ನ ಮಾವನ ಕಿವುಡಿನ ಬಗ್ಗೆ ಹೇಳಿದ. ಹಗೇವಿನ ಮಾತು ಬಂದಾಗಲೆಲ್ಲ ಎದ್ದು ಬಾಗಿಲಿಗೆ ಹೋಗಿ ಪೇಟೆ ನೋಡಿ ಬಂದು ಬೇರೆ ಮಾತು ತೆಗೆದ. ಒಂದು ಅಂಕಿಯನ್ನೂ ಹೇಳಲಿಲ್ಲ.

ಆದರೆ ಅಂಗಡಿಯ ಹೊರಗಿದ್ದವರಿಗೆ ಕಂಡದ್ದು ಕಾರಕೂನನ ಎದುರು ಒಂದು ತಾಸು ಆಡಿದ ಬಾಯಿ ಮಾತ್ರ. ಎಂಟನೆಯ ದಿನ ಶಂಕರೆಪ್ಪ ಎಂಬ ವ್ಯಾಪಾರಿಯ ಹಿತ್ತಲಿನ ಹಗೇವು ಕಾರಕೂನನ ಕೈಗೆ ಸಿಕ್ಕಿಬಿತ್ತು. ಕಲ್ಲಿನ ಸುತ್ತ ಹಸಿ ಮಣ್ಣು ಮೆತ್ತಿದ್ದು ಇನ್ನೂ ಮಳೆ ಕಾಣದ ಒಣ ನೆಲದಲ್ಲಿ ಬೇರೆ ಬಣ್ಣವಾಗಿ ಕಾಣುತ್ತಿತ್ತು. ಕಣ್ಣಿದ್ದ ಯಾರಿಗೂ ಸಿಗುತ್ತಿತ್ತು. ಊರು ಮಾತ್ರ ಲಗಮಣ್ಣ ಕುಡಿದ ಚಹಾದ ಲೋಟ ಎಣಿಸಿತು.

ಆಮೇಲೆ ಲಗಮಣ್ಣನನ್ನು ಯಾರೂ ಕರೆಯಲಿಲ್ಲ. ಜಗಳವಿಲ್ಲ, ಬೈಗುಳವಿಲ್ಲ. ಅವನು ಬಂದರೆ ಮಾತು ಮಳೆಯ ಕಡೆಗೆ ತಿರುಗುತ್ತಿತ್ತು. ಎರಡು ತಿಂಗಳು ಅವನು ಹಮಾಲಿ ಮಾಡಿದ, ಸೌದೆ ಒಡೆದ, ಉಳಿದ ಹೊತ್ತು ಓಣಿಯಿಂದ ಓಣಿಗೆ ನಡೆದ. ಮನೆಗೆ ಬಂದರೂ ಹೊಸ್ತಿಲಿಗೂ ಒಲೆಗೂ ನಡುವೆ ತಿರುಗುತ್ತಿದ್ದ. ನಾನು ಹೇಳಿಲ್ಲ ಎಂದು ಹಣಮವ್ವನಿಗೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ.

"ನೀ ಹೇಳಿಲ್ಲಂತ ನನಗ ಗೊತ್ತೈತಿ," ಎಂದಳು ಆಕೆ ಒಂದು ದಿನ. "ಆದ್ರ ಎಮ್ಮಿ ಕೂಡ ಮಾತಾಡಾಂವ ಕಾರಕೂನನ ಮುಂದ ಸುಮ್ಮ ಕುಂತಿದ್ದ ಅಂದ್ರ ನಂಬಾವ್ರು ಯಾರು? ನನ್ನ ಗಂಡ ಅಂತ ನಾ ನಂಬೀನಿ. ಅವ್ರಿಗೇನು ಗರಜು?"

ಅವನ ಬದಲಿಗೆ ಶ್ರೀಶೈಲಪ್ಪ ಸೊರಡಿಯಿಂದ ಭೀಮರಾಯ ಎಂಬವನನ್ನು ಕರೆಸಿದ. ಗಟ್ಟಿ ಆಳು, ಹೂಂ ಎನ್ನುವುದೂ ಅವನಿಗೆ ಹೆಚ್ಚು. ಶ್ರೀಶೈಲಪ್ಪನಿಗೆ ಬೇಕಾಗಿದ್ದದ್ದೂ ಅದೇ. ಪಟ್ಟಿಗೆ ಕೊಡದ ಜೋಳ ಅವನ ಹಿತ್ತಲಿನ ಹಗೇವಿನಲ್ಲಿತ್ತು. ಹಿತ್ತಲಿನ ಗೋಡೆಯ ಆಚೆ ಹಾದಿ. ಹಾದಿಯ ಆಚೆ ಮೂವತ್ತು ಹೆಜ್ಜೆಗೆ ಕಾರಕೂನ ಕೂಡುವ ಚಹಾದಂಗಡಿ. ಹಗೇವಿನಿಂದ ಮಾತು ಕೇಳಿಸಿದರೆ ಹಗೇವು ತೆರೆದಿದೆ ಎಂದು ಡಂಗುರ ಹೊಡೆದಂತೆ. ಆದ್ದರಿಂದ ಕೆಳಗೆ ಬಾಯಿ ಬಿಡಬಾರದೆಂದು ಭೀಮರಾಯನಿಗೆ ತಾಕೀತು ಮಾಡಿದ. ಕಲ್ಲನ್ನು ಒಂದು ದಿನ ಮೊದಲು ಸರಿಸುವುದೂ ಕಂದೀಲು ಇಳಿಬಿಡುವುದೂ ನಿಂತವು. ಬೆಳಗಿನಲ್ಲಿ ತೆರೆದು, ಐದಾರು ಚೀಲ ತೆಗೆದು, ಮತ್ತೆ ಮುಚ್ಚಿ ಮೇಲೆ ಹೊಟ್ಟು ಹರಡುತ್ತಿದ್ದರು. ಚೀಲ ಎಳೆಯಲು ಬೇರೆ ಹಗ್ಗ ತಂದರೆ ಕಣ್ಣಿಗೆ ಬೀಳುತ್ತದೆಂದು ಭೀಮರಾಯನ ಸೊಂಟದ ಹಗ್ಗವನ್ನೇ ಬಿಚ್ಚಿ ಚೀಲಕ್ಕೆ ಕಟ್ಟುತ್ತಿದ್ದರು. ಮೂರು ಸಲ ಇದು ನಡೆದುಹೋಯಿತು. ಪ್ರತಿ ಸಲವೂ ಕಾಳಿನ ಮಟ್ಟ ಒಂದಡಿ ಕೆಳಗೆ ಹೋಗುತ್ತಿತ್ತು, ಕೆಟ್ಟ ಗಾಳಿಗೆ ಅಷ್ಟು ಜಾಗ ಹೆಚ್ಚುತ್ತಿತ್ತು.

ನಾಲ್ಕನೆಯ ಸಲ, ಶ್ರಾವಣದಲ್ಲಿ ಸಂತೆಯ ಮರುದಿನ ಬೆಳಿಗ್ಗೆ, ಲಗಮಣ್ಣ ಆ ಹಾದಿಯಲ್ಲಿ ನಡೆಯುತ್ತಿದ್ದ. ತೆರೆದ ಹಗೇವಿಗೆ ಒಂದು ವಾಸನೆಯಿದೆ. ಹುಳಿ ಹಿಟ್ಟು ಮತ್ತು ಹಸಿ ಮಣ್ಣು ಕೂಡಿದಂಥದು. ಗೋಡೆಯ ಪಕ್ಕ ಅದು ಬಂತು. ಅವನು ನಿಂತ. ವಾಸನೆಯಿದೆ, ಮಾತಿಲ್ಲ. ಚೀಲಕ್ಕೆ ಜೋಳ ಸುರಿಯುವ ಸದ್ದೂ ಇಲ್ಲ. ಅವನು ಗೋಡೆಗೆ ಕಿವಿಯಿಟ್ಟು, ಒಂದು ಚೀಲ ತುಂಬುವಷ್ಟು ಹೊತ್ತು ಕಾದ. ಸದ್ದಿಲ್ಲ.

ಹಿತ್ತಲ ಬಾಗಿಲು ತಟ್ಟಿದ. ಒಳಗಿನಿಂದ ಶ್ರೀಶೈಲಪ್ಪನ ದನಿ, ಯಾರು ಎಂದು.

"ನಾನ್ರೀ ಸಾವ್ಕಾರ್ರ, ಲಗಮಣ್ಣ. ಕೆಳಗ ಇದ್ದಾಂವ ಮಾತಾಡಾಕತ್ತಾನೇನ್ರಿ?"

"ಇಲ್ಲಿ ಕೆಳಗೂ ಇಲ್ಲ, ಮ್ಯಾಲೂ ಇಲ್ಲ. ಹೋಗು ನೀ."

"ಒಮ್ಮಿ ಕರದ್ ನೋಡ್ರಿ. ಓ ಅಂದ್ರ ನಾ ಹೋಗ್ತೀನಿ."

ಶ್ರೀಶೈಲಪ್ಪ ಹಗೇವಿನ ಬಾಯಿಗೆ ಹೋಗಿ ಮೆಲ್ಲಗೆ ಕರೆದದ್ದು ಲಗಮಣ್ಣನಿಗೆ ಕೇಳಿಸಿತು. ಭೀಮರಾಯ ಓ ಎನ್ನಲಿಲ್ಲ. ಅವನಿಗೆ ಬಾಯಿ ಬಿಡಬೇಡವೆಂದು ತಾನೇ ಹೇಳಿದ್ದರಿಂದ ಶ್ರೀಶೈಲಪ್ಪನಿಗೆ ಆ ಮೌನ ತಕ್ಷಣ ಅರ್ಥವಾಗಲಿಲ್ಲ. ಅವನು ಅಲ್ಲೇ ನಿಂತುಬಿಟ್ಟ.

ಲಗಮಣ್ಣ ತಿರುಗಿ ನೋಡಿದ. ಚಹಾದಂಗಡಿಯಲ್ಲಿ ಹಮಾಲರು ನಾಲ್ಕು ಮಂದಿ ಇದ್ದರು, ಕಾರಕೂನನೂ ಇದ್ದ. ಪ್ರಜ್ಞೆ ತಪ್ಪಿದ ಮನುಷ್ಯನನ್ನು ಹಗೇವಿನೊಳಗಿಂದ ಎತ್ತಲು ಕಡಿಮೆಯೆಂದರೆ ನಾಲ್ಕು ಜನ ಬೇಕು. ಆ ನಾಲ್ವರನ್ನು ಕರೆದರೆ ಐದನೆಯವನು ಬರುತ್ತಾನೆ. ಊರು ತನ್ನ ಬಗ್ಗೆ ಆಡಿಕೊಂಡದ್ದನ್ನೆಲ್ಲ ತಾನೇ ನಿಜ ಮಾಡಿದಂತೆ ಆಗುತ್ತದೆ. ಇದನ್ನು ಅವನು ಮುಂದೆ ಹಣಮವ್ವನಿಗೆ ಹೇಳಿದ: ಆಗ ಕಾಲು ಎರಡೂ ಕಡೆ ಎಳೆದವು ಎಂದು.

ಅವನು ಕೂಗಿದ. "ಹಗೇವಿನಾಗ ಮನಷ್ಯಾ ಬಿದ್ದಾನ, ಬರ್ರಿ, ಲಗೂನ ಬರ್ರಿ" ಎಂದು ಪೇಟೆಯ ಎರಡು ತುದಿಗೂ ಕೇಳುವಂತೆ ಕೂಗಿದ.

ಕದ ತೆಗೆದವಳು ಮಲಕವ್ವ. ಬಾವಿಯ ಹಗ್ಗವನ್ನು ಆಗಲೇ ಕೈಯಲ್ಲಿ ಹಿಡಿದಿದ್ದಳು. ಲಗಮಣ್ಣ ಚೀಲದ ಹಗ್ಗವನ್ನು ತನ್ನ ಸೊಂಟಕ್ಕೆ ಬಿಗಿದು, ಬಾವಿಯ ಹಗ್ಗದ ತುದಿ ಕೈಯಲ್ಲಿ ಹಿಡಿದು, ಎದೆ ತುಂಬ ಉಸಿರೆಳೆದು ಇಳಿದ. ಮಾತಿಲ್ಲದೆ ಅವನು ಹಗೇವಿಗೆ ಇಳಿದದ್ದು ಆಗ ಮಾತ್ರ. ಮೊದಲ ಸಲ ಹಗ್ಗ ಭೀಮರಾಯನ ಕಂಕುಳಿಗೆ ಹೋಗಲಿಲ್ಲ. ಲಗಮಣ್ಣ ಮೇಲೆ ಬಂದು ನಾಲ್ಕು ಸಲ ಉಸಿರು ಬಿಟ್ಟು ಮತ್ತೆ ಇಳಿದ. ಎರಡನೆಯ ಸಲ ಗಂಟು ಕೂತಿತು. ಹಮಾಲರು ಎಳೆದರು. ಅವರ ಹಿಂದೆ ಹಗ್ಗ ಹಿಡಿದು ಎಳೆಯುತ್ತಿದ್ದವನು ಲೇವಿಯ ಕಾರಕೂನ. ಅವನ ಇಸ್ತ್ರಿಯ ಅಂಗಿ ಬೆನ್ನಿನಲ್ಲಿ ಹರಿಯಿತು.

ಭೀಮರಾಯನ ತುಟಿ ಕಪ್ಪಗಾಗಿತ್ತು. ಹೊರಗೆ ಗಾಳಿಗೆ ಹಾಕಿ ಎದೆ ತಿಕ್ಕಿದರು. ಸುಮಾರು ಕಾಲು ತಾಸಿನ ಮೇಲೆ ಅವನು ವಾಂತಿ ಮಾಡಿ ಕಣ್ಣು ತೆರೆದ. ಶ್ರೀಶೈಲಪ್ಪ ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದ. ಕಾರಕೂನ ಅವನಿಗೆ ನೀರು ತರಿಸಿ ಕೊಟ್ಟ. ಆಮೇಲೆ ಮರಾಠಿಯಲ್ಲಿ, ಬೇಸರದಿಂದಲೇ, ಹಗೇವಿಗೆ ಮೊಹರು ಹಾಕಬೇಕಾಗುತ್ತದೆ ಎಂದ. ಒಳಗೆ ಉಳಿದಿದ್ದ ನಲವತ್ತೆರಡು ಚೀಲ ಪಟ್ಟಿಯಲ್ಲಿ ಇರಲಿಲ್ಲ. ಅಷ್ಟೂ ಸರ್ಕಾರದ ದರಕ್ಕೆ ಹೋಯಿತು.

ಮರುದಿನ ಶಂಕರೆಪ್ಪನ ಅಂಗಡಿಯ ಕಟ್ಟೆಯ ಮೇಲೆ ವ್ಯಾಪಾರಿಗಳು ಕೂಡಿದರು. ಲಗಮಣ್ಣನಿಗೆ ಬರಹೇಳಿದರು. ಕೂಗಿದ್ದು ಭೀಮರಾಯನಿಗಾಗಿಯೋ ಕಾರಕೂನನಿಗಾಗಿಯೋ ಎನ್ನುವುದು ಪ್ರಶ್ನೆ. ಒಬ್ಬ, ಓಣಿಯ ನಾಲ್ಕು ಮನೆಗೆ ಹೋಗಿ ಮೆಲ್ಲಗೆ ಕರೆಯಬಹುದಿತ್ತಲ್ಲ ಎಂದ.

"ಸಾವಕಾಶ ಕರದಿದ್ರ ಸಾವಕಾಶ ಬರ್ತಿದ್ರಿ ಸಾವ್ಕಾರ್ರ," ಎಂದ ಲಗಮಣ್ಣ. "ಅಂವ ತಡೀತಿದ್ದಿಲ್ಲ."

ಆಗ ಮಲಕವ್ವ ಬಂದಳು. ಗಂಡಸರ ಕಟ್ಟೆಗೆ ಆಕೆ ಬರುವ ರೂಢಿಯಿರಲಿಲ್ಲ. ಬಂದಮೇಲೆ ಕೂಡಲೂ ಇಲ್ಲ. ಮಗನ ಮುಖ ನೋಡದೆ ಹೇಳಿದಳು: "ಇಂವ ಹೊರಗ ಕೂಗಿದ, ಖರೆ. ಒಳಗಿನ ಚಿಲಕ ತಗದಾಕಿ ನಾನು. ಯಾರ್ಯಾರು ಬರ್ತಾರ ಅಂತ ನೋಡೇ ತಗದೀನಿ. ಜ್ವಾಳ ಹೋದದ್ದರ ಮಾತು ಇದ್ರ ನನ್ನ ಕೇಳ್ರಿ." ಇಷ್ಟು ಹೇಳಿ ಆಕೆ ಹೋದಳು.

ಶಂಕರೆಪ್ಪ, ಎರಡು ತಿಂಗಳಿಂದ ಯಾರೂ ಬಾಯಿಬಿಟ್ಟು ಕೇಳದಿದ್ದುದನ್ನು ಕೇಳಿದ.

"ಲಗಮಣ್ಣಾ, ನಂದು ನೀ ಹೇಳಿದ್ಯಾ?"

"ಇಲ್ಲರಿ."

ಎಲ್ಲರೂ ಮುಂದಿನ ಮಾತಿಗೆ ಕಾದರು. ಚಹಾದಂಗಡಿ, ಕುರಿ, ಮಿರಜಿನ ಠಾಣೆ, ಎಲ್ಲ ಬರುತ್ತದೆ ಎಂದುಕೊಂಡರು. ಅವನು ಮತ್ತೇನೂ ಹೇಳಲಿಲ್ಲ. ಮೈಭಾರ ಮಾತ್ರ ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು. ಶಂಕರೆಪ್ಪ, ನಾಳೆ ಬಂದು ನನ್ನ ಇನ್ನೊಂದು ಹಗೇವು ನೋಡು ಎಂದ. ಬರುತ್ತೇನೆ, ಆದರೆ ಹಗ್ಗವನ್ನು ಆಳಿನ ಕೈಗೆ ಕೊಡಬಾರದು, ಯಾರ ಜೋಳವೋ ಅವರೇ ಹಿಡಿಯಬೇಕು ಎಂದ ಲಗಮಣ್ಣ. ಶಂಕರೆಪ್ಪ ಒಪ್ಪಿದ. ಉಳಿದವರೂ ಒಬ್ಬೊಬ್ಬರಾಗಿ ಒಪ್ಪಬೇಕಾಯಿತು, ಏಕೆಂದರೆ ಭೀಮರಾಯ ಸೊರಡಿಗೆ ಹೋದವನು ಹಗೇವಿಗೆ ಇಳಿಯಲು ತಿರುಗಿ ಬರಲೇ ಇಲ್ಲ.

ಶ್ರೀಶೈಲಪ್ಪ ಮಾತ್ರ ಕರೆಯಲಿಲ್ಲ. ಎದುರಿಗೆ ಸಿಕ್ಕರೆ ದಾರಿ ಬಿಟ್ಟು ನಡೆಯುತ್ತಿದ್ದ. ಮೊಹರು ಹೋದ ಮೇಲೂ ಹಗೇವನ್ನು ತುಂಬಲಿಲ್ಲ. ಉಳಿದ ಮನೆಗಳೆಲ್ಲ ತೆರೆದಿದ್ದರೂ ಲಗಮಣ್ಣ ದಿನಕ್ಕೊಮ್ಮೆ ಆ ಹಿತ್ತಲ ಹಾದಿಯಲ್ಲಿ ನಡೆದು ಬರುತ್ತಿದ್ದ. ಏಕೆಂದು ಹಣಮವ್ವ ಕೇಳಿದರೆ, ಆ ಹಾದಿ ಹತ್ತಿರ ಎನ್ನುತ್ತಿದ್ದ. ಅದು ಯಾವ ಕಡೆಗೂ ಹತ್ತಿರದ ಹಾದಿಯಲ್ಲ.

೧೯೫೪ರಲ್ಲಿ ಕಂಟ್ರೋಲು ಹೋಯಿತು. ಮುಂದಿನ ಸುಗ್ಗಿಗೆ ಶ್ರೀಶೈಲಪ್ಪ ಹಗೇವು ತುಂಬಿಸಿದ. ಮತ್ತೊಂದು ವರ್ಷ ಕಳೆದ ಮೇಲೆ ತೆಗೆಯುವ ಕಾಲ ಬಂದಾಗ ಹೇಳಿಕಳಿಸದೆ ತಾನೇ ಲಗಮಣ್ಣನ ಮನೆಗೆ ಬಂದ. ಒಳಗೆ ಬರಲಿಲ್ಲ. ಕಲ್ಲು ನಿನ್ನೆಯೇ ಸರಿಸಿದೆ, ಕಂದೀಲು ಉರಿಯುತ್ತದೆ ಎಂದಷ್ಟೇ ಹೇಳಿದ. ಲಗಮಣ್ಣ ಊಟ ಬಿಟ್ಟು ಎದ್ದ.

ಹಿತ್ತಲಲ್ಲಿ ಶ್ರೀಶೈಲಪ್ಪ ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ಬಾಯಿಯ ಅಂಚಿಗೆ ಕುಳಿತ. ಲಗಮಣ್ಣ ಇಳಿದು ಮಾತು ಆರಂಭಿಸಿದ. ಮೇಲಿನಿಂದ ಹೂಂ ಬರಲಿಲ್ಲ. ಹೇಗೆ ಹೂಂಗುಟ್ಟಬೇಕೆಂದು ಆ ಮನುಷ್ಯನಿಗೆ ತಿಳಿಯದಂತಿತ್ತು. ಎರಡು ಚೀಲ ತುಂಬಿತು. ಲಗಮಣ್ಣ ಕೈ ನಿಲ್ಲಿಸಿ ಮೇಲೆ ನೋಡಿದ. ಬೆಳಕಿನ ದುಂಡಿನಲ್ಲಿ ತಲೆಯೊಂದು ಕರಿಯದಾಗಿ ಕಂಡಿತು.

"ಸಾವ್ಕಾರ್ರ, ಅದೀರೇನ್ರಿ?"

ಮೇಲಿನಿಂದ ಉತ್ತರ ಬಂತು. "ಅದೀನಿ. ನೀ ಮಾತಾಡು."