ಬುಟ್ಟಿಯ ಕೆಳಗಿನ ಖೋಡಿ

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಸಾಲುಗಳು ಕೆಳಗೆ ಇಳಿದು ಹೋಗುತ್ತವೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳಾದ್ದರಿಂದ ಒಳ್ಳೆಯ ಮಾತುಗಳೂ ಬಹಳ ಗೊತ್ತಿಲ್ಲ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು. ಇದು ನಮ್ಮ ಅಜ್ಜಿ ಭೀಮಬಾಯಿಯ ಕಥೆ.

ನಮ್ಮೂರು ಬೇಮಳಖೇಡದಲ್ಲಿ ಭೀಮಬಾಯಿಯ ಸಿಟ್ಟು ಎಲ್ಲರಿಗೂ ಗೊತ್ತು. ಬಸ್ಸು ನಿಲ್ಲಿಸದೆ ಹೋದರೆ ಅವಳ ಬೈಗುಳ ಮುಂದಿನ ಊರಿನ ತನಕ ಅದರ ಬೆನ್ನು ಹತ್ತುತ್ತದೆ ಎಂದು ಜನ ನಗುತ್ತಾರೆ. ಆದರೆ ಕೆಂಚಿ ಹೋದ ಮೇಲೆ ಬಂದ ಸಿಟ್ಟೇ ಬೇರೆ. ಅದನ್ನು ನೋಡಿ ಯಾರೂ ನಗಲಿಲ್ಲ.

ಕೆಂಚಿ ಅವಳ ಆಡು. ಹಾಡುಹಗಲು, ರಸ್ತೆ ಪಕ್ಕದ ಜಾಲಿಗಿಡಗಳ ಹತ್ತಿರ ಆಡುಗಳನ್ನು ಬಿಟ್ಟು ಭೀಮಬಾಯಿ ನೀರು ಕುಡಿಯಲು ಬೋರಿನ ಕಡೆ ಹೋಗಿದ್ದಳು. ತಿರುಗಿ ಬರುವಷ್ಟರಲ್ಲಿ ಬಿಳಿ ಕಾರೊಂದು ನಿಂತಿತ್ತು. ಇಬ್ಬರು ಕೆಂಚಿಯ ಕಾಲು ಹಿಡಿದು ಹಿಂದಿನ ಸೀಟಿಗೆ ತುರುಕುತ್ತಿದ್ದರು. ಅವಳು ಕೂಗುತ್ತ ಓಡಿ ಕಲ್ಲು ಬೀಸಿದಳು. ಕಲ್ಲು ಧೂಳಿಗೆ ಬಿತ್ತು, ಕಾರು ಹೋಯಿತು. ಮನೆಯಲ್ಲಿ ಕೆಂಚಿಯ ಎರಡು ಮರಿಗಳು ಬುಟ್ಟಿಯ ಕೆಳಗೆ ತಾಯಿಗಾಗಿ ಒದರುತ್ತಿದ್ದವು.

ಠಾಣೆಗೆ ಹೋದರೆ "ಸಿಕ್ಕರ ಹೇಳ್ತೀವಿ ಹೋಗಬೇ" ಎಂದರು. ಬಸವಕಲ್ಯಾಣದ ಸಂತೆಗೆ ಹೋಗಿ ಆಡುಗಳ ಎಡಗಿವಿ ಹಿಡಿದು ಹಿಡಿದು ನೋಡಿದಳು. ಕೆಂಚಿಯ ಎಡಗಿವಿ ಸೀಳಿತ್ತು. ಒಬ್ಬ ದಲ್ಲಾಳಿ ಬೀಡಿ ಸೇದುತ್ತ ಕೇಳಿದ:

"ಆಯೀ, ನಿನ್ನ ಆಡಿಗಿ ಆಧಾರ್ ಕಾರ್ಡ್ ಅದ ಏನು?"

"ನಿಮ್ಮವ್ವನ ಕಾರ್ಡ್ ನೋಡಿ ಆಕಿನ್ನ ಅವ್ವ ಅಂದೀ ಏನಲೇ?" ಎಂದಳು ಭೀಮಬಾಯಿ. ಸುತ್ತ ನಿಂತವರು ನಕ್ಕರು. ಆಡು ಮಾತ್ರ ಸಿಗಲಿಲ್ಲ.

ಬಸ್ಸಿನಲ್ಲಿ ಬರುವಾಗಲೇ ಅವಳು ತೀರ್ಮಾನಿಸಿದ್ದಳು. ಅಪರಿಚಿತರು ಹತ್ತಿರ ಬಂದರೆ ಬೊಗಳುವ ಒಂದು ಜೀವ ಹಿಂಡಿನ ಜೊತೆ ಇರಬೇಕು. ಪಕ್ಕದ ಮನೆಯ ಕಮಳಾಬಾಯಿಯ ಕೊಟ್ಟಿಗೆಯಲ್ಲಿ ನಾಯಿ ಮರಿ ಹಾಕಿತ್ತು. ಅದರಲ್ಲಿ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

ಅವಳ ಗಂಡ, ನಮ್ಮ ಅಜ್ಜ ಪಂಡರಿ ಒಪ್ಪಲಿಲ್ಲ. ಮನೆಯಲ್ಲಿ ಇರುವುದೇ ಒಂದು ದೊಡ್ಡ ಕೋಣೆ. ಅದರ ಒಂದು ಮೂಲೆಯಲ್ಲಿ ಅವನ ವಿಠ್ಠಲನ ಫೋಟೋ. ಮೊಣಕಾಲು ನೋವಿದ್ದರೂ ಆ ಮೂಲೆಯನ್ನು ದಿನಾ ತಾನೇ ಒರೆಸುತ್ತಾನೆ.

"ಹೊರಗ ಇಡು," ಎಂದ.

"ಮಳಿ ಹತ್ಯಾದ. ಇದರ ಒಡಹುಟ್ಟಿದ್ದಕ್ಕ ಓಣಿ ನಾಯಿ ಹರದು ತಿಂದಾವ. ಹೊರಗ ಹ್ಯಾಂಗ ಇಡಲಿ?"

"ಹಂಗಾದ್ರ ಕೇಳು. ವಿಠ್ಠಲನ ಜಾಗಾ ಹೊಲಸು ಮಾಡ್ತಂದ್ರ ಮನ್ನಾಏಖೇಳ್ಳಿ ಹೋಟೆಲ್ ಹತ್ರ ಬಿಟ್ಟು ಬರ್ತೀನಿ. ಅಲ್ಲಿ ಎಂಜಲ ತಿಂದು ಬದಕತದ."

ಹೆದ್ದಾರಿಯ ಆ ಹೋಟೆಲಿನ ಮುಂದೆ ಲಾರಿಗಳು ಹೇಗೆ ಓಡುತ್ತವೆ ಎಂದು ಇಬ್ಬರಿಗೂ ಗೊತ್ತಿತ್ತು. ಭೀಮಬಾಯಿ ಮರಿಯನ್ನು ಒಲೆಯ ಹತ್ತಿರ ಇಳಿಸಿದಳು.

ಮರಿ ಬಂದ ದಿನವೇ ಒಲೆಯ ಹತ್ತಿರ ಉಚ್ಚೆ ಹೊಯ್ದಿತು. ಭೀಮಬಾಯಿ "ಖೋಡೀ!" ಎಂದು ಕಸಬರಿಗೆ ಎತ್ತಿದಳು. ಮರಿ ಹಿಟ್ಟಿನ ಡಬ್ಬಿಯ ಹಿಂದೆ ಸೇರಿ ಹೆದರಿಕೆಗೆ ಅಲ್ಲಿಯೂ ಹೊಯ್ದಿತು. ನೆಲ ಹೊಲಸಾದರೆ ಏನು ಮಾಡಬೇಕೆಂದು ಅವಳಿಗೆ ಅವಳ ತಾಯಿ ಕಲಿಸಿದ್ದಳು. ಹಸಿ ಸಗಣಿ ತಂದು ಆ ಎರಡೂ ಜಾಗ ಸಾರಿಸಿದಳು. ಮರುದಿನ ಮರಿ ಅದೇ ಜಾಗದಲ್ಲಿ ಹೊಯ್ದಿತು. ಅವಳು ಇನ್ನಷ್ಟು ಸಗಣಿ ಹಚ್ಚಿ ಅಗಲವಾಗಿ ಸಾರಿಸಿದಳು. ಮರಿಯೂ ಅಗಲವಾಗಿ ತಿರುಗಾಡಿ ಹೊಯ್ದಿತು. ಬೈದಷ್ಟೂ ಸಾರಿಸಿದಳು, ಸಾರಿಸಿದಷ್ಟೂ ಬೈದಳು. ಖೋಡಿ ಎಂದರೆ ನಮ್ಮ ಕಡೆ ತಂಟೆಕೋರರನ್ನು ಬೈಯುವ ಮಾತು; ಹಾಗೆ ಕರೆದೂ ಕರೆದೂ ಅದೇ ಅದರ ಹೆಸರಾಯಿತು.

ಮಗ ಕಲ್ಲಿನಾಥ ಹುಮನಾಬಾದಿನ ಔಷಧ ಕಾರ್ಖಾನೆಯಲ್ಲಿ ಕೂಲಿ. ಅವನು ಮೊಬೈಲ್ ತೋರಿಸಿದ. "ಅವ್ವ, ಇಲ್ಲಿ ನೋಡು. ಶಹರದವ್ರು ಮರೀನ ಕಬ್ಬಿಣದ ಪಂಜರದಾಗ ಇಡ್ತಾರ. ಮಲಗೋ ಜಾಗಾದಾಗ ಅದು ಹೊಲಸು ಮಾಡಂಗಿಲ್ಲಂತ. ಹೊರಗ ಬಿಟ್ಟಾಗ ಮಾಡತದ. ಒಂದು ತರ್ಲಿ ಏನು?"

ಭೀಮಬಾಯಿಯ ಮುಖ ಕೆಂಪಾಯಿತು. "ನನ್ನ ಆಡು ಕದ್ದವ್ರು ಕಾರಿನಾಗ ತಿರಗಾಕತ್ತಾರ. ಇದಕ್ಕ ಜೈಲು ಏನು? ಒಯ್ಯಿ ಆ ಮೊಬೈಲ್ ಆಚಿಗಿ!"

ನಾಗರ ಪಂಚಮಿ ಹತ್ತಿರ ಬಂದಿತ್ತು. ಹಬ್ಬವೆಂದು ಭೀಮಬಾಯಿ ವಿಠ್ಠಲನ ಮೂಲೆಯನ್ನೂ ಸೇರಿಸಿ ಇಡೀ ಕೋಣೆ ಸಾರಿಸಿದಳು. ನೆಲ ಆರುವ ಮೊದಲೇ ಖೋಡಿ ಹೋಗಿ ಫೋಟೋದ ಮುಂದೆ ಕೂತು ಹೊಯ್ದಿತು.

ಪಂಡರಿ ಕೂಗಾಡಲಿಲ್ಲ. ಬುತ್ತಿ ಒಯ್ಯುವ ಚೀಲವನ್ನು ಗೂಟದಿಂದ ತೆಗೆದು ಝಾಡಿಸಿದ. "ನಾಳಿ ಮುಂಜಾನಿ ಬಸ್ಸಿಗೆ," ಎಂದ. ಅವನು ಹಾಗೆ ಮೆಲ್ಲಗೆ ಮಾತಾಡಿದ್ದೇ ಭೀಮಬಾಯಿಗೆ ಹೆಚ್ಚು ಸಿಟ್ಟು ತಂದಿತು. ದಡದಡ ಹೋಗಿ ಸಗಣಿ ತಂದಳು. ಮೊಣಕಾಲೂರಿ ಆ ಜಾಗ ಬಳಿಯತೊಡಗಿದಳು. ಅವಳ ಕೈ ಇನ್ನೂ ನೆಲದ ಮೇಲಿರುವಾಗಲೇ ಖೋಡಿ ಬಂದು ಹಸಿ ಸಗಣಿ ಮೂಸಿತು, ಒಂದು ಸುತ್ತು ತಿರುಗಿತು, ಅವಳ ಬೆರಳಿನ ಪಕ್ಕದಲ್ಲೇ ಕೂತಿತು.

ಭೀಮಬಾಯಿ ಕೈ ಎತ್ತಿದಳು. ಮಜ್ಜಿಗೆ ಕೇಳಲು ಬಂದ ಕಮಳಾಬಾಯಿ ಬಾಗಿಲಲ್ಲಿ ನಿಂತು ಬಿದ್ದು ಬಿದ್ದು ನಕ್ಕಳು.

"ಅದಕ್ಕ ಯಾಕ ಬಡೀತಿ ಭೀಮಕ್ಕ? ನಮ್ಮ ಕೊಟ್ಟಿಗ್ಯಾಗ ಹುಟ್ಟಿದ್ದು ಅದು. ಸಗಣಿ ಇದ್ದಲ್ಲೇ ಮಾಡಬೇಕಂತ ತಿಳದಾದ. ನೀ ಮನಿ ತುಂಬ ಸಗಣಿ ಬಳದು 'ಬಾ, ಇಲ್ಲಿ ಹೊಯ್' ಅಂತ ಕರೀಲಾಕತ್ತಿ!"

ಕಮಳಾಬಾಯಿ ತಮಾಷೆಗೆ ಅಂದಿದ್ದಳು. ಆದರೆ ಭೀಮಬಾಯಿಯ ಎತ್ತಿದ ಕೈ ಹಾಗೆಯೇ ನಿಂತಿತು. ಬಂದ ದಿನದಿಂದ ಮರಿ ಅವಳು ಕಲಿಸಿದ್ದನ್ನೇ ಮಾಡಿತ್ತು. ಕಸಬರಿಗೆಯ ಏಟು ತಿಂದದ್ದೂ ಅದೇ. ಈಗ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅಂಥ ಸಿಟ್ಟಿಗೆ ಬೈಯಲು ಎದುರಿಗೆ ಯಾರೂ ಇರುವುದಿಲ್ಲ.

ಎದ್ದು ಕೊಡಗಟ್ಟಲೆ ನೀರು ತಂದಳು. ಸಗಣಿಯನ್ನೆಲ್ಲ ಕೆರೆದು, ಬೂದಿ ಹಾಕಿ ತಿಕ್ಕಿ, ತೊಳೆದು ಒರೆಸಿದಳು. ಒಂದು ಉಂಡೆ ಸಗಣಿಯನ್ನು ಅಂಗಳದಲ್ಲಿ ಬೋರೆ ಹಣ್ಣು ಬಿಡುವ ಬಾರಿ ಗಿಡದ ಬುಡಕ್ಕೆ ಇಟ್ಟಳು. ಆಮೇಲೆ ಆಡಿನ ಮರಿಗಳನ್ನು ಕವುಚಿಡುವ ತೊಗರಿ ಕಟ್ಟಿಗೆಯ ಬುಟ್ಟಿ ಎತ್ತಿ, ಖೋಡಿಯನ್ನೂ ಅವುಗಳ ನಡುವೆ ಬಿಟ್ಟು ಮುಚ್ಚಿದಳು.

"ಇದು ಪಂಜರ ಅಲ್ಲೇನವ್ವ?" ಎಂದ ಕಲ್ಲಿನಾಥ, ನಗು ತಡೆದು.

"ಬುಟ್ಟಿ ಅದ. ಕಣ್ಣಿಲ್ಲೇನು ನಿನಗ?"

ಪಂಡರಿ ಚೀಲ ಹಿಡಿದೇ ಕೂತಿದ್ದ. "ಹಬ್ಬಕ್ಕ ನೆಲಾ ಸಾರಸಲ್ಲಂದ್ರ ಇದೇನು ಮನಿ ಏನು?"

"ಸಗಣಿ ಬೇಕಂತ ವಿಠ್ಠಲ ನಿಮ್ಮ ಕಿವಿಯಾಗ ಹೇಳ್ಯಾನೇನ್ರಿ? ಬಸ್ಸಿಗಿ ಹೋಗ್ರಿ. ಮೊದಲ ಆ ಕಾರಿನವ್ರನ್ನ ಹಿಡಕೊಂಡು ಬರ್ರಿ, ಆಮ್ಯಾಲ ಇದಕ್ಕ ಒಯ್ರಿ!"

ಪಂಡರಿ ಚೀಲವನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡ. "ಪಂಚಮಿ ತನಕ ನೋಡ್ತೀನಿ," ಎಂದ. "ಆ ದಿನ ಈ ಮೂಲ್ಯಾಗ ಒಂದು ಹನಿ ಬಿತ್ತಂದ್ರ ನಿನ್ನ ಮಾತು ಕೇಳಂಗಿಲ್ಲ."

ಅಲ್ಲಿಂದ ಭೀಮಬಾಯಿ ಬುಟ್ಟಿಯ ಹತ್ತಿರವೇ ಕೂತಳು. ಜೋಳ ಹಸನು ಮಾಡುವುದು ಅಲ್ಲಿಯೇ, ಬಾಟಲಿಯಲ್ಲಿ ಮರಿಗಳಿಗೆ ಹಾಲು ಕುಡಿಸುವುದೂ ಅಲ್ಲಿಯೇ. ಖೋಡಿ ನಿದ್ದೆಯಿಂದ ಎದ್ದ ಕೂಡಲೇ, ಉಂಡ ಕೂಡಲೇ ಎತ್ತಿಕೊಂಡು ಬಾರಿ ಗಿಡಕ್ಕೆ ಓಡುತ್ತಿದ್ದಳು. ಮಳೆಯಲ್ಲಿ ಸೆರಗು ಹೊದ್ದು ನಿಂತು "ಹೊಯ್ತೀಯೋ ಇಲ್ಲೋ, ನನ್ನ ನಸೀಬಿಗೇ ಗಂಟು ಬಿದ್ದೀ" ಎಂದು ಬೈಯುತ್ತಿದ್ದಳು. ಹೊಯ್ದರೆ ರೊಟ್ಟಿಯ ಚೂರು ಕೊಡುತ್ತಿದ್ದಳು, ಅದನ್ನೂ ಬೈಯುತ್ತಲೇ. ಹೊಡೆಯುವುದನ್ನು ಮಾತ್ರ ಬಿಟ್ಟಳು. ಓಣಿಯ ಹೆಂಗಸರು "ಭೀಮಬಾಯಿ ನಾಯಿ ಸಲುವಾಗಿ ಮನಿ ಸಾರಸಾದು ಬಿಟ್ಟಾಳ" ಎಂದು ಆಡಿಕೊಂಡರು. ಅವರೂ ಸರಿಯಾಗಿ ಬೈಸಿಕೊಂಡರು.

ಪಂಚಮಿಯ ಬೆಳಿಗ್ಗೆ ಭೀಮಬಾಯಿ ಹೊರಗೆ ಆಡಿನ ಹಾಲು ಕರೆಯುತ್ತಿದ್ದಳು. ಪಂಡರಿ ಪೂಜೆಗೆ ಕೂತಿದ್ದ, ಪಕ್ಕದಲ್ಲಿ ಆ ಚೀಲ. ಬುಟ್ಟಿಯೊಳಗೆ ಖೋಡಿ ಕಡ್ಡಿ ಕೆರೆದು ಕುಂಯ್ಗುಟ್ಟಿತು. ಪಂಡರಿ "ಏ, ಬಾ ಇಲ್ಲಿ!" ಎಂದು ಹೆಂಡತಿಯನ್ನು ಕೂಗಿದ. ಕೆಚ್ಚಲು ಹಿಡಿದಿದ್ದ ಭೀಮಬಾಯಿ ಏಳುವಷ್ಟರಲ್ಲಿ ಖೋಡಿ ಇನ್ನೂ ಜೋರಾಗಿ ಅತ್ತಿತು. ಕೊನೆಗೆ ಅವನೇ ಮೊಣಕಾಲು ಹಿಡಿದು ಎದ್ದು ಬುಟ್ಟಿ ಎತ್ತಿದ. ಖೋಡಿ ವಿಠ್ಠಲನ ಮೂಲೆಯ ಮುಂದಿನಿಂದಲೇ ಓಡಿತು. ಅದು ನಿಲ್ಲಲಿಲ್ಲ. ಹೊಸ್ತಿಲು ಹಾರಿ, ಭೀಮಬಾಯಿಯನ್ನೂ ದಾಟಿ, ಬಾರಿ ಗಿಡದ ಬುಡದಲ್ಲಿ ಕೂತಿತು.

"ವಿಠ್ಠಲಗ ಒಂದು ನಮಸ್ಕಾರ ಸೈತ ಮಾಡದೆ ಓಡತು ನೋಡು," ಎಂದ ಪಂಡರಿ. ಚೀಲವನ್ನು ತಿರುಗಿ ಗೂಟಕ್ಕೆ ನೇತುಹಾಕಿದ.

ಭೀಮಬಾಯಿ ನಗಲಿಲ್ಲ. ಖೋಡಿ ಉಳಿಯಿತು, ಆದರೆ ಕೆಂಚಿ ಬಂದಿಲ್ಲ. ಬಿಳಿ ಕಾರು ಕಂಡಲ್ಲೆಲ್ಲ ಅವಳು ಈಗಲೂ ಕಲ್ಲು ಹುಡುಕುತ್ತಾಳೆ. ಖೋಡಿಯೂ ಅವಳ ಕಾಲ ಬಳಿ ನಿಂತು ಸಣ್ಣ ದನಿಯಲ್ಲಿ ಬೊಗಳುತ್ತದೆ.

ಖೋಡಿ ಬೆಳೆದಿದೆ, ಬುಟ್ಟಿ ಸಾಲುತ್ತಿಲ್ಲ. ನಾಳೆ ಅವಳು ಹುಮನಾಬಾದಿಗೆ ಹೋಗಿ ದೊಡ್ಡ ಬುಟ್ಟಿ ತರುತ್ತಾಳೆ. ಮುಂದಿನ ಸಂತೆಗೆ ಬಸವಕಲ್ಯಾಣಕ್ಕೆ ಹೋಗಿ ಮತ್ತೆ ಆಡುಗಳ ಕಿವಿ ನೋಡುತ್ತಾಳೆ.