ಓನರಮ್ಮನ ಕಿರುಬೆರಳು

ಅವರ ಕಿರುಬೆರಳು ಕೊನೆಯ ಗೆಣ್ಣಿನಲ್ಲಿ ಒಳಕ್ಕೆ ಬಾಗಿತ್ತು, ಪಕ್ಕದ ಬೆರಳಿಗೆ ಏನೋ ಗುಟ್ಟು ಹೇಳಲು ಹೊರಟ ಹಾಗೆ. ಎಡಗೈಯದೋ ಬಲಗೈಯದೋ ಎಂದು ಕೇಳಿದರೆ ಖಚಿತವಾಗಿ ಹೇಳಲಾರೆ. ಟೀ ಕಪ್ಪು ಹಿಡಿದಾಗ ಆ ಬೆರಳು ಕಪ್ಪಿಗೆ ತಾಕದೆ ಉಳಿಯುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಕಪ್ಪು ಯಾವ ಕೈಯಲ್ಲಿತ್ತು ಎಂಬುದು ಮಾತ್ರ ನೆನಪಿಲ್ಲ. ಇಷ್ಟು ಸಣ್ಣದೇ ನಿಲ್ಲದ ತಲೆಯಲ್ಲಿ ದೊಡ್ಡದು ನೆಟ್ಟಗೆ ನಿಂತಿದೆ ಎಂದು ಹೇಗೆ ನಂಬಲಿ? ಅವರು ಬರೆಯುತ್ತಿದ್ದ ಮನೆತನದ ಚರಿತ್ರೆಯಿಂದ ಒಂದು ಹೆಸರು ಅಳಿಸಿಹೋಯಿತು. ಅಳಿಸಿದ್ದು ಯಾರು ಎಂಬುದಕ್ಕೆ ನನ್ನ ನೆನಪು ಒಂದು ಉತ್ತರ ಕೊಡುತ್ತದೆ, ನನ್ನ ಹೆಂಡತಿಯ ನೆನಪು ಇನ್ನೊಂದು.

ಅಮೆರಿಕದ ಪಾಲೋ ಆಲ್ಟೋದಲ್ಲಿ ಅವರ ಹಿತ್ತಲಿನ ಎರಡು ಕೋಣೆಯ ಮನೆಯಲ್ಲಿ ನಾವು ಬಾಡಿಗೆಗಿದ್ದೆವು. ನನ್ನ ಹೆಂಡತಿ ಮೊದಲ ವಾರವೇ ಅವರನ್ನು ಓನರಮ್ಮ ಎಂದು ಕರೆಯತೊಡಗಿದಳು. ಅರ್ಥ ತಿಳಿದ ಮೇಲೆ ಅವರಿಗೆ ಅದೆಷ್ಟು ಹಿಡಿಸಿತೆಂದರೆ, ಫೋನು ಮಾಡಿದರೆ 'ಓನರಮ್ಮ' ಎಂದೇ ಮಾತು ಶುರು ಮಾಡುತ್ತಿದ್ದರು. ಎಂಬತ್ತು ದಾಟಿತ್ತು. ಕಣ್ಣಿನ ನಟ್ಟನಡುವೆ ಮಸುಕು ಹರಡುತ್ತಿತ್ತು. ಓದಬೇಕಾದರೆ ಕೋಳಿ ಕಾಳು ನೋಡುವಂತೆ ತಲೆ ಓರೆ ಮಾಡಿ, ಭೂತಗನ್ನಡಿ ಹಿಡಿಯುತ್ತಿದ್ದರು.

ಅವರ ಅಜ್ಜಿಯ ತಾತ, ಅಮೆರಿಕ ಹುಟ್ಟಿದ ಹೊಸತರಲ್ಲಿ ದಕ್ಷಿಣದ ಒಂದು ರಾಜ್ಯದಲ್ಲಿ ಲಾಯರಾಗಿದ್ದವನು, ಆಮೇಲೆ ಆ ದೇಶದ ಸಂಸತ್ತಾದ ಕಾಂಗ್ರೆಸ್ಸಿಗೆ ಆರಿಸಿಹೋದವನು. "ಅಲ್ಲೂ ಕಾಂಗ್ರೆಸ್ಸೇನಾ?" ಎಂದು ನನ್ನ ಹೆಂಡತಿ ನಕ್ಕಿದ್ದಳು. ಅವನ ಕಾಗದಗಳು, ಉಯಿಲಿನ ನಕಲು, ಕೋರ್ಟಿನ ಚೀಟಿಗಳು ಎಲ್ಲ ಚಪ್ಪಲಿ ಡಬ್ಬಗಳಲ್ಲಿ ಊಟದ ಮೇಜು ತುಂಬಿದ್ದವು. ಕಣ್ಣು ಪೂರ್ತಿ ಹೋಗುವುದರೊಳಗೆ ಪುಸ್ತಕ ಮುಗಿಸಬೇಕಿತ್ತು. ನಾನು ಕಂಪ್ಯೂಟರಿನವನೆಂದು ತಿಳಿದ ದಿನವೇ ಹಿಡಿದರು. "ಯಂಗ್ ಮ್ಯಾನ್, ಸತ್ತವರಿಗೆ ಅವಸರ ಇಲ್ಲ. ನನಗಿದೆ." ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ತಲೆಯಲ್ಲಿ ಅದೀಗ ಕನ್ನಡವಾಗಿ ಕೂತಿದೆ. ಅಷ್ಟರ ಮಟ್ಟಿಗೆ ಅದನ್ನೂ ನಂಬುವಂತಿಲ್ಲ.

ನಾನಾಗ ಇಂಟರ್‌ನೆಟ್ಟಿನಲ್ಲಿ ಕಿಟಕಿ ಪರದೆ ಮಾರುವ ಕಂಪನಿಯಲ್ಲಿದ್ದೆ. ವಾರವಿಡೀ ಅಲ್ಲಿ ದುಡಿದು, ಶನಿವಾರ ಬೆಳಗ್ಗೆ ಅವರಿಗೊಂದು ಪ್ರೋಗ್ರಾಮು ಬರೆದುಕೊಟ್ಟೆ. ಒಬ್ಬೊಬ್ಬರಿಗೆ ಒಂದೊಂದು ಹಾಳೆ: ಹೆಸರು, ತಂದೆ, ತಾಯಿ, ಹುಟ್ಟು, ಸಾವು, ಕೊನೆಗೆ 'ದಾಖಲೆ'. ದಾಖಲೆ ತುಂಬದೆ ಯಾರನ್ನೂ ಸೇರಿಸುವಂತಿರಲಿಲ್ಲ. ಕಂಪ್ಯೂಟರು ಟಣ್ಣೆಂದು ನಿಲ್ಲುತ್ತಿತ್ತು. ಅವರಿಗೊಂದು ಲಾಗಿನ್, ನನಗೊಂದು. ಯಾರು ಏನು ಬದಲಿಸಿದರೂ ಗುರುತು ಉಳಿಯುತ್ತಿತ್ತು. ಇದರ ಬಗ್ಗೆ ನನಗೆ ವಿಪರೀತ ಹೆಮ್ಮೆ.

ತೊಡಕು ಶುರುವಾದದ್ದು ಫೀಬಿಯಿಂದ. ಲಾಯರನ ಉಯಿಲಿನಲ್ಲಿ ಕುದುರೆಗಳಾದ ಮೇಲೆ, ಗೋಡೆ ಗಡಿಯಾರಕ್ಕೆ ಮುಂಚೆ, ಅವನ ಗುಲಾಮರ ಪಟ್ಟಿಯಿತ್ತು. ಅದರಲ್ಲಿ ಫೀಬಿ ಎಂಬ ಹುಡುಗಿ. ಅವಳು ಲಾಯರನ ಮಗಳೇ ಎಂದು ಓನರಮ್ಮನಿಗೆ ಅವರ ಅಜ್ಜಿ ಹೇಳಿದ್ದರು. ಅಜ್ಜಿ ಚಿಕ್ಕವರಿದ್ದಾಗ ಮುದುಕಿ ಫೀಬಿಯನ್ನು ಕಣ್ಣಾರೆ ಕಂಡಿದ್ದರಂತೆ. ಅವಳ ಕಿರುಬೆರಳೂ ಹೀಗೇ ಬಾಗಿತ್ತಂತೆ.

"ಅವಳನ್ನ ಮಕ್ಕಳ ಸಾಲಿಗೆ ಸೇರಿಸು," ಅಂದರು.

"ದಾಖಲೆ?"

ಅವರು ಕಿರುಬೆರಳು ಎತ್ತಿ ನನ್ನ ಮೂಗಿನ ಮುಂದೆ ಹಿಡಿದರು. "ಇದು."

"ಮ್ಯಾಮ್, ಬೆರಳು ಬಾಗಿದವರು ಊರು ತುಂಬ ಇದ್ದಾರೆ."

ಅವರಿಗೆ ಸಿಟ್ಟು ಬರಲಿಲ್ಲ, ಅಥವಾ ತೋರಿಸಲಿಲ್ಲ. ವಾತಾವರಣ ತಿಳಿಯಾಗಲೆಂದು ನಾನೊಂದು ತಮಾಷೆಯ ಕತೆ ಹೇಳಿದೆ. ಮಂಡ್ಯದ ಹತ್ತಿರದ ನಮ್ಮೂರಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ, ಮನೆ ಮನೆಯ ವಂಶಾವಳಿ ಒಪ್ಪಿಸುವವರು. ಕಾಲೇಜಿನ ಗತ್ತಿನಲ್ಲಿದ್ದ ನಾನು ಒಬ್ಬನನ್ನು ತಡೆದು, ಇದಕ್ಕೆಲ್ಲ ಸಾಕ್ಷಿ ಏನು ಎಂದಿದ್ದೆ. "ಸಾಕ್ಸಿ ಅಂದ್ರೆ ನಾನೇ ಕನ್ ಬುದ್ದಿ. ನಿಮ್ ತಾತ ನಮ್ಮಪ್ಪಂಗೇಳವ್ರೆ, ನಮ್ಮಪ್ಪ ನಂಗೇಳವ್ನೆ," ಎಂದಿದ್ದ. ನಮ್ಮ ಹಾಸ್ಟೆಲಿನಲ್ಲಿ ಈ ಕತೆಗೆ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು.

ಓನರಮ್ಮ ನಗಲಿಲ್ಲ. "ಮದುವೆಯಿಲ್ಲದೆ ಹುಟ್ಟಿದವರನ್ನೂ ಅವರು ಸೇರಿಸ್ತಾರಾ?"

"ಮನೆಯ ಹಿರಿಯರು ಒಪ್ಪಿದರೆ ಸೇರಿಸ್ತಾರೆ ಅನಿಸುತ್ತೆ."

"ಹಾಗಾದರೆ ಈ ಮನೆಗೆ ಈಗ ನಾನೇ ಹಿರಿಯಳು. ಒಪ್ಪಿದ್ದೀನಿ. ಬರಿ."

ನಾನು ಬರೆಯಲಿಲ್ಲ. ಯೂನಿವರ್ಸಿಟಿಯಲ್ಲಿ ಕಲಿತದ್ದನ್ನೆಲ್ಲ ಒಪ್ಪಿಸಿದೆ: ಕೇಳಿದ್ದು ದಾಖಲೆಯಲ್ಲ, ಒಂದು ಸಡಿಲ ಕಲ್ಲು ಇಟ್ಟರೆ ಇಡೀ ಗೋಡೆಯನ್ನೇ ಜನ ಅನುಮಾನಿಸುತ್ತಾರೆ, ಇತ್ಯಾದಿ. ಮನೆಗೆ ಬಂದು ಹೆಂಡತಿಯ ಮುಂದೆಯೂ ಅದನ್ನೇ ಒದರಿದೆ. ಅವಳು ಹುರುಳಿಕಾಯಿ ಸೋಸುತ್ತಿದ್ದಳು.

"ರೀ, ನೀವು ಹುಟ್ಟಿದ್ದಕ್ಕೆ ಏನ್ರೀ ಪ್ರೂಫು?"

"ಅಂದ್ರೆ?"

"ಗ್ರೀನ್ ಕಾರ್ಡಿಗೆ ಬರ್ತ್ ಸರ್ಟಿಫಿಕೇಟು ಕೇಳ್ದಾಗ ಏನ್ ಕೊಟ್ರಿ? ನಿಮ್ ಸೋದರತ್ತೆ ಕೈಲಿ ಅಫಿಡವಿಟ್ ಮಾಡಿಸಿದ್ರಲ್ಲ! 'ಈ ಮಗು ಹುಟ್ಟಿದಾಗ ನಾನು ಮನೇಲೇ ಇದ್ದೆ, ಕಣ್ಣಾರೆ ಕಂಡಿದ್ದೀನಿ' ಅಂತ. ಹೆಬ್ಬೆಟ್ಟು ಬೇರೆ. ನಿಮ್ಮತ್ತೆ ಮಾತು ಅಮೆರಿಕಾ ಗೌರ್ಮೆಂಟಿಗೇ ಸಾಕು, ಓನರಮ್ಮನ ಅಜ್ಜಿ ಮಾತು ನಿಮಗೆ ಸಾಲ್ದಾ?"

ಆ ಮಾತಿಗೇ ನಾನು ಇನ್ನಷ್ಟು ಹಟ ಹಿಡಿದೆ. ಆ ಅಫಿಡವಿಟ್ಟನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿದವನು ನಾನೇ, ಅತ್ತೆಗೆ ಓದಿ ಹೇಳಿದವನೂ ನಾನೇ. ನಾನು ಯಾವತ್ತು, ಯಾವ ಕೋಣೆಯಲ್ಲಿ ಹುಟ್ಟಿದೆ ಎಂಬುದಕ್ಕೆ ಜಗತ್ತಿನಲ್ಲಿ ಅದೊಂದೇ ಕಾಗದ.

ಒಂದು ಬುಧವಾರ ನಾನು ಆಫೀಸಿನಲ್ಲಿದ್ದಾಗ ಇಬ್ಬರೂ ಕೂತು ಫೀಬಿಯನ್ನು ಸೇರಿಸಿದರು. ಓನರಮ್ಮ ಹೇಳುತ್ತಾ ಹೋದರು, ನನ್ನ ಹೆಂಡತಿ ಅವರ ಲಾಗಿನ್‌ನಲ್ಲಿ ಟೈಪು ಮಾಡಿದಳು. ಶನಿವಾರ ನೋಡಿ ನಾನು ಕೂಗಾಡಿದೆ. ಇಷ್ಟು ಖಚಿತ, ಏಕೆಂದರೆ ಕೂಗಾಟಕ್ಕೆ ಪಕ್ಕದ ಮನೆಯವರು ಹೊರಗೆ ಬಂದು ನೋಡಿದ್ದರು. ಆಮೇಲಿನದು ನನಗೆ ನೆನಪಿರುವುದು ಹೀಗೆ: ಓನರಮ್ಮ, "ನೀನು ಹೇಳೋದೇ ಸರಿ ಇರಬಹುದು," ಎಂದು ತಾವೇ ಕಂಪ್ಯೂಟರಿನ ಮುಂದೆ ಕೂತು ಆ ಹಾಳೆ ತೆಗೆದುಹಾಕಿದರು. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. "ಅವ್ರು ಆ ಮಾತು ಅಂದೇ ಇಲ್ಲ. ಎದ್ದು ಒಳಗೆ ಹೋದ್ರು, ಅಷ್ಟೆ."

ಆ ಚಳಿಗಾಲ ನನ್ನ ಕಂಪನಿ ಮುಳುಗಿತು. ನಾವು ಬಾಡಿಗೆ ಕಡಿಮೆಯಿದ್ದ ಮಾರ್ಗನ್ ಹಿಲ್‌ಗೆ ಮನೆ ಬದಲಿಸಿದೆವು. ಹೊರಡುವ ದಿನ ಓನರಮ್ಮ ಗೇಟಿನ ತನಕ ಬಂದರು. ಆ ಹೊತ್ತಿಗೆ ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ತಲೆ ಓರೆ ಮಾಡಿ, ನನ್ನ ಕಿವಿಯ ಕಡೆ ನೋಡುತ್ತಾ, "ಫೀಬಿಯನ್ನ ಮರೀಬೇಡ," ಎಂದರು. ನಾನು 'ಆಗಲಿ' ಎಂದೆ. ಏನು ಆಗಲಿ ಎಂದೆನೋ ದೇವರೇ ಬಲ್ಲ, ಏನೂ ಮಾಡಲಿಲ್ಲ.

ಮುಂದಿನ ಬೇಸಿಗೆಗೆ ಮುಂಚೆ ಅವರು ತೀರಿಕೊಂಡರು. ಅವರ ತಮ್ಮನ ಮಗ, ನಾನು ಮಾಡಿಟ್ಟಿದ್ದ ಫೈಲಿನಿಂದ ಪುಸ್ತಕ ಅಚ್ಚು ಹಾಕಿಸಿ ಒಂದು ಪ್ರತಿ ನಮಗೂ ಕಳಿಸಿದ. ದಪ್ಪ ರಟ್ಟು, ಬಂಗಾರದ ಅಕ್ಷರ. ಒಳಗೆ ನನಗೆ ಕೃತಜ್ಞತೆ: ಪ್ರತಿಯೊಂದು ಹೆಸರಿಗೂ ದಾಖಲೆ ಇರುವಂತೆ ನೋಡಿಕೊಂಡದ್ದಕ್ಕೆ. ಲಾಯರನಿಗೆ ಐದು ಮಕ್ಕಳು. ಫೀಬಿ ಇರುವುದು ಉಯಿಲಿನಲ್ಲಿ ಮಾತ್ರ, ಕುದುರೆ ಮತ್ತು ಗಡಿಯಾರದ ನಡುವೆ.

ಆ ಪುಸ್ತಕ ನನ್ನ ಕಪಾಟಿನಲ್ಲಿ ವರ್ಷಗಟ್ಟಲೆ ಕೂತಿದೆ. ಅವರೇ ಅಳಿಸಿದರು ಎಂಬ ನೆನಪನ್ನು ನಾನು ಎಷ್ಟು ಸಲ ತಿರುವಿ ನೋಡಿದೆನೆಂದರೆ, ಅದು ಬಳಸಿ ಬಳಸಿ ನುಣುಪಾಗಿ, ನನ್ನ ಕೈಗೇ ಸುಳ್ಳೆನಿಸತೊಡಗಿತು. ಇನ್ನೊಬ್ಬರ ಅಜ್ಜಿಯ ನೆನಪಿಗೆ ದಾಖಲೆ ಕೇಳಿದವನು ತನ್ನದಕ್ಕೆ ಕೇಳದೆ ಇರಬಹುದೇ? ಕಳೆದ ತಿಂಗಳು ಗ್ಯಾರೇಜಿನಲ್ಲಿ ಹುಡುಕಿ, ಆ ಪ್ರೋಗ್ರಾಮನ್ನು ಉಳಿಸಿಟ್ಟಿದ್ದ ಆ ಕಾಲದ ಡಿಸ್ಕೊಂದನ್ನು ಓಕ್ಲ್ಯಾಂಡಿನಲ್ಲಿ ಹಳೆಯ ಯಂತ್ರಗಳನ್ನು ಇಟ್ಟುಕೊಂಡಿರುವ ಒಬ್ಬರ ಬಳಿ ಒಯ್ದೆ. ತೆರೆಯಿತು. ನನ್ನ ಪ್ರೋಗ್ರಾಮು ಯಾವುದನ್ನೂ ನಿಜವಾಗಿ ಅಳಿಸುತ್ತಿರಲಿಲ್ಲ, ಕಣ್ಣಿಗೆ ಬೀಳದಂತೆ ಮರೆಮಾಡುತ್ತಿತ್ತು, ಅಷ್ಟೆ.

ಫೀಬಿಯ ಹಾಳೆ ಇತ್ತು. ತಂದೆಯ ಜಾಗದಲ್ಲಿ ಲಾಯರನ ಹೆಸರು. ದಾಖಲೆ ಎಂಬಲ್ಲಿ: 'ನನ್ನ ಅಜ್ಜಿ ಕಂಡದ್ದು, ನನಗೆ ಹೇಳಿದ್ದು.' ಸೇರಿಸಿದವರು ಎಂಬಲ್ಲಿ ಓನರಮ್ಮನ ಲಾಗಿನ್. ಅಳಿಸಿದವರು ಎಂಬಲ್ಲಿ, ಪಾಸ್‌ವರ್ಡು ಬೇರೆ ಯಾರಿಗೂ ಗೊತ್ತಿರದಿದ್ದ ನನ್ನ ಲಾಗಿನ್.